ಕಡಲ ಚಿತ್ರಕ್ಕೆ ಬಹುಮಾನ, ಕಾವಲಿಗೆ ಗೋಡೆ

ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳ ನಮ್ಮ ಓದುಗರು ಕಡಲತೀರದ ಛಾಯಾಚಿತ್ರ ಸ್ಪರ್ಧೆಯ ಮಾತು ಈ ಪತ್ರಿಕೆಯಲ್ಲಿ ಏಕೆ ಬಂತೆಂದು ಆಶ್ಚರ್ಯಪಟ್ಟಾರು. ನಮ್ಮಲ್ಲಿ ಸಮುದ್ರವಿಲ್ಲ. ಕೆರೆ ಕೋಡಿ ಬಿದ್ದರೆ ಅದನ್ನೇ ನೋಡಲು ಜನ ಬುತ್ತಿ ಕಟ್ಟಿಕೊಂಡು ಹೋಗುವ ಸೀಮೆ ಇದು. ಆದರೂ ಮೊಬೈಲ್ ಫೋನು ಹಿಡಿದ ಹುಡುಗರು ನಮ್ಮ ಊರುಗಳಲ್ಲಿಯೂ ಇದ್ದಾರೆ. ಕರಾವಳಿಯ ಸೊಬಗನ್ನು ಕೊಂಡಾಡುವ ಹವ್ಯಾಸಿಗಳ ಸ್ಪರ್ಧೆ ಉತ್ಸವಗಳ ಕಾಲದಲ್ಲೋ, ಆಗಸ್ಟ್ 19ರ ವಿಶ್ವ ಛಾಯಾಗ್ರಹಣ ದಿನದ ನೆಪದಲ್ಲೋ ನಡೆಯುತ್ತದೆಂದು ಕೇಳಿದರೆ, ಅವರೂ ರಾತ್ರಿ ಬಸ್ಸು ಹತ್ತಿ ಮಲ್ಪೆಗೋ ಗೋಕರ್ಣಕ್ಕೋ ಹೋಗಿ ಬರುತ್ತಾರೆ. ಹೋಗಿ ಬರಲಿ. ಸಮುದ್ರ ನೋಡುವ ಹಕ್ಕು ಬಯಲುಸೀಮೆಯವನಿಗೂ ಉಂಟು. ಚಿತ್ರ ತೆಗೆಯುವ ಕಲೆ ಹಣವಂತರ ಕೈಯಿಂದ ಜಾರಿ ಕೂಲಿಕಾರನ ಮಗನ ಕೈಗೆ ಬಂದದ್ದು ಸಂತೋಷದ ಸಂಗತಿಯೇ.

ನಮ್ಮ ತಕರಾರು ಇರುವುದು ಬಹುಮಾನ ಪಡೆಯುವ ಚಿತ್ರಗಳ ಬಗ್ಗೆ. ಇಂಥ ಸ್ಪರ್ಧೆಯ ಚಿತ್ರಗಳನ್ನು ಒಂದು ಗೋಡೆಯ ಮೇಲೆ ಸಾಲಾಗಿ ನೋಡಿದವರಿಗೆ ಅವುಗಳ ಜಾತಕ ಗೊತ್ತು. ಮುಳುಗುವ ಸೂರ್ಯ, ಹೆಜ್ಜೆ ಬೀಳದ ಮರಳು, ಒಂಟಿ ದೋಣಿ. ಮನುಷ್ಯನು ಬಂದರೂ ಬೀಸುಬಲೆ ಎಸೆಯುವ ಮೀನುಗಾರನಾಗಿ ಬರುತ್ತಾನೆ. ಸೂರ್ಯನಿಗೆ ಎದುರಾಗಿ ತೆಗೆದ ಚಿತ್ರವಾದ್ದರಿಂದ ಬಲೆಯ ಪ್ರತಿಯೊಂದು ಎಳೆಯೂ ಬಂಗಾರದಂತೆ ಹೊಳೆಯುತ್ತದೆ, ಅವನ ಮುಖ ಮಾತ್ರ ಕಪ್ಪು. ಚಿತ್ರದ ಕೆಳಗೆ ತೆಗೆದವರ ಹೆಸರು ಅಚ್ಚಾಗಿರುತ್ತದೆ. ಬಲೆ ಎಸೆದವನ ಹೆಸರನ್ನು ಕೇಳುವ ನಿಯಮ ಇರುವುದಿಲ್ಲ. ಅಂದು ಅವನ ಬಲೆಗೆ ಏನು ಬಿತ್ತು, ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯದ 61 ದಿನ ದೋಣಿಯ ಕೂಲಿಯವರ ಮನೆಯಲ್ಲಿ ಒಲೆ ಹೇಗೆ ಉರಿಯುತ್ತದೆ ಎಂಬುದಂತೂ ದೂರವೇ ಉಳಿಯಿತು. ಊರೆಲ್ಲ ಸೇರಿ ಎಳೆಯುತ್ತಿದ್ದ ರಂಪಣಿ ಬಲೆ 1970ರ ದಶಕದಲ್ಲಿ ಪರ್ಸೀನ್ ದೋಣಿಗಳು ಬಂದ ಮೇಲೆ ಹಿಂದೆ ಸರಿಯಿತು. ಈಗ ಅಲ್ಲೊಂದು ಇಲ್ಲೊಂದು ಕಡೆ ಎಳೆದಾಗ ಕ್ಯಾಮರಾದವರ ಗುಂಪು ಸೇರುತ್ತದೆ.

2020ರಲ್ಲಿ ಹೊನ್ನಾವರದ ಕಾಸರಕೋಡು, ಉಡುಪಿ ಜಿಲ್ಲೆಯ ಪಡುಬಿದ್ರಿ ಕಡಲತೀರಗಳಿಗೆ ಬ್ಲೂ ಫ್ಲ್ಯಾಗ್ ಎಂಬ ಅಂತರರಾಷ್ಟ್ರೀಯ ಮನ್ನಣೆ ಬಂತು. ಪ್ರವಾಸಿಗಳಿಗೆ ಯೋಗ್ಯವಾದ ಚೊಕ್ಕಟ ತೀರವೆಂದು ಅದರ ಅರ್ಥ. ಅದೇ ಕಾಸರಕೋಡಿನ ಟೊಂಕದಲ್ಲಿ ಖಾಸಗಿ ಬಂದರಿನ ವಿರುದ್ಧ ಮೀನುಗಾರರು ವರ್ಷಗಟ್ಟಲೆ ಹೋರಾಡಿದ್ದಾರೆ. ಅಲ್ಲಿನ ಮರಳು ಹೆಂಗಸರು ಮೀನು ಒಣಗಿಸುವ ಅಂಗಳ, ಕಡಲಾಮೆ ಮೊಟ್ಟೆಯಿಡುವ ಜಾಗ. ಬಾವುಟದ ಚಿತ್ರವೂ ಪೊಲೀಸರಿಗೆ ಎದುರು ನಿಂತ ಹೆಂಗಸಿನ ಚಿತ್ರವೂ ಒಂದೇ ಗ್ರಾಮದವು. ಇವೆರಡರಲ್ಲಿ ಸೊಬಗಿನ ಸ್ಪರ್ಧೆಗೆ ಹೋಗುವುದು ಯಾವುದೆಂದು ಓದುಗರು ಬಲ್ಲರು. ಇನ್ನು ಕಾರವಾರ, ಅಂಕೋಲೆಗಳ ಕಡೆ 1986ರಲ್ಲಿ ಅಡಿಗಲ್ಲು ಬಿದ್ದ ಸೀಬರ್ಡ್ ನೌಕಾನೆಲೆಗಾಗಿ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಕಡಲತಡಿಯನ್ನು ಬಿಟ್ಟು ಎದ್ದವು. ಆ ತೀರವೂ ಕರ್ನಾಟಕದ ಕರಾವಳಿಯೇ. ಅಲ್ಲಿ ಕ್ಯಾಮರಾ ಎತ್ತುವ ಹಾಗಿಲ್ಲ.

ಸೀಬರ್ಡಿನ ಮಾತು ಬಂದಾಗ ನಮ್ಮ ತಾಲ್ಲೂಕಿನವರಿಗೆ ಮನೆಯ ನೆನಪಾಗದಿರದು. ಚಳ್ಳಕೆರೆಯ ಅಮೃತಮಹಲ್ ಕಾವಲುಗಳ ಕಥೆಯೂ ಇದೇ ಜಾಡಿನದು. ದೊಡ್ಡ ಉಳ್ಳಾರ್ತಿ, ಖುದಾಪುರ, ವರವು ಕಾವಲುಗಳಲ್ಲಿ 2010ರ ಆಸುಪಾಸಿನಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆಗೆ 4,290 ಎಕರೆ, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,810 ಎಕರೆ, ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ, ಇಸ್ರೋಗೆ 573 ಎಕರೆ ಹೋಯಿತು. ಈ ನಾಲ್ಕೇ ಕೂಡಿದರೆ 8,173 ಎಕರೆ. ಸುತ್ತಲಿನ ಹಳ್ಳಿಗಳಿಗೆ ಸಂಗತಿ ಸರಿಯಾಗಿ ತಿಳಿದದ್ದು ಗೋಡೆ ಏಳತೊಡಗಿದಾಗ. 2013ರಲ್ಲಿ ವಿಷಯ ಹಸಿರು ನ್ಯಾಯಮಂಡಳಿಯ ಮುಂದೆಯೂ ಹೋಯಿತು. ನಾವು ವಿಜ್ಞಾನದ ವೈರಿಗಳಲ್ಲ. ಆದರೆ ಎಂಟು ಸಾವಿರ ಎಕರೆ ಹುಲ್ಲುಗಾವಲನ್ನು ಅದರ ಮೇಲೆ ಬದುಕುವವರನ್ನು ಕೇಳದೆ ಹಂಚುವುದು ಹೇಗೆ ಸಾಧ್ಯವಾಯಿತು ಎಂಬ ಪ್ರಶ್ನೆಗೆ ಇಂದಿಗೂ ಉತ್ತರ ಬೇಕು.

ಉತ್ತರದ ಒಂದು ಪಾಲು ಚಿತ್ರಗಳಲ್ಲಿದೆ ಎಂಬುದು ನಮ್ಮ ಅಭಿಮತ. ಕಾವಲನ್ನು ಯಾರೂ ಚಿತ್ರ ತೆಗೆಯಲಿಲ್ಲ. ರಾಜಧಾನಿಯಲ್ಲಿ ಕುಳಿತ ಮಹಾಶಯರಿಗೆ ಅದು ಬರಡು, ಪಾಳು, ಖಾಲಿ ನೆಲ. ಖಾಲಿ ನೆಲವನ್ನು ಕೊಟ್ಟರೆ ಯಾರಿಗೆ ನಷ್ಟ? ಲೋಹಿಯಾ ಅವರು 1960ರಲ್ಲಿ ಮೈಬಣ್ಣ ಮತ್ತು ಸೌಂದರ್ಯದ ಕುರಿತು ಬರೆದ ಪ್ರಬಂಧದಲ್ಲಿ, ಬಿಳಿಯರು ಶತಮಾನಗಳ ಕಾಲ ಜಗತ್ತನ್ನು ಆಳಿದ್ದರಿಂದಲೇ ಬಿಳಿ ತೊಗಲು ಚೆಲುವಾಗಿ ಕಾಣತೊಡಗಿತೆಂದು ವಾದಿಸಿದರು. ನೆಲದ ವಿಷಯದಲ್ಲಿಯೂ ಈ ಮಾತು ನಿಲ್ಲುತ್ತದೆ. ಹಸಿರು ಮಲೆ, ನೀಲಿ ಕಡಲು ಚೆಲುವೆಂದು, ಕಂದು ಬಯಲು ಕುರೂಪವೆಂದು ನಮಗೆ ಕಲಿಸಿದವರು ಬೇಸಗೆಗೆ ಗಿರಿಧಾಮ ಹುಡುಕಿದ ದೊರೆಗಳು, ಈಗ ಅವರ ಜಾಗದಲ್ಲಿರುವ ಪ್ರವಾಸೋದ್ಯಮದ ದಲ್ಲಾಳಿಗಳು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟಿ ಮಳೆ ಬೀಳುವ ನಾಡಿನ ಕಣ್ಣಿನಿಂದ, ಐನೂರರ ಆಸುಪಾಸಿನಲ್ಲಿ ಉಸಿರು ಹಿಡಿದಿರುವ ನಾಡನ್ನು ಅಳೆದರೆ ನ್ಯಾಯ ಎಲ್ಲಿ ಸಿಕ್ಕೀತು?

ಕಾವಲು ಖಾಲಿ ಇತ್ತೇ? ಮೈಸೂರು ಅರಸರ ಕಾಲದಿಂದ ಸೈನ್ಯದ ಭಾರ ಎಳೆದ ಅಮೃತಮಹಲ್ ತಳಿ ಮೇದದ್ದು ಇಂಥ ಹುಲ್ಲಿನ ಮೇಲೆ. ಕೃಷ್ಣಮೃಗ ಓಡಾಡುವುದು ಇಲ್ಲಿ. ಮ್ಯಾಸಬೇಡರ ದೇವರ ಎತ್ತುಗಳನ್ನು ಕಿಲಾರಿಗಳು ಕಾಯುವ ಸೀಮೆ ಇದು. ಬರ ಬಿದ್ದ ವರ್ಷ ಆ ಎತ್ತುಗಳು ಮೇವಿಲ್ಲದೆ ಸೊರಗಿದ್ದನ್ನು ಪತ್ರಿಕೆ ಓದುವವರೆಲ್ಲ ಬಲ್ಲರು. ಹಂಚಿಕಡ್ಡಿ ಕಿತ್ತು ಪೊರಕೆ ಕಟ್ಟುವ ಹೆಂಗಸಿಗೆ ಕಾವಲೇ ಕಾರ್ಖಾನೆ. ಕುರಿ ಮೇದರೆ ಉಣ್ಣೆ, ಉಣ್ಣೆ ಇದ್ದರೆ ಚಳ್ಳಕೆರೆಯ ಕಂಬಳಿ. ಹುಣಸೆಬೀಜದ ಗಂಜಿ ಬಳಿದ ಹಾಸನ್ನು ಬೀದಿಯಲ್ಲಿ ಉದ್ದಕ್ಕೆ ಬಿಗಿದು ಗಂಡಹೆಂಡಿರು ಎರಡು ಕಡೆಯಿಂದ ತಿಕ್ಕುವ ನೋಟ ಯಾವ ಸೂರ್ಯಾಸ್ತಕ್ಕೆ ಕಡಿಮೆ? ಮೊಳಕಾಲ್ಮೂರಿನ ರೇಷ್ಮೆ ಸೀರೆಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಸೀರೆಯ ಚಿತ್ರ ಅಂಗಡಿ ಅಂಗಡಿಯಲ್ಲಿದೆ. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತವರ ಬೆನ್ನಿನ ಚಿತ್ರ ಎಷ್ಟು ಕಡೆ ಇದೆ?

ಚಳ್ಳಕೆರೆಯ ನೆಲದ ಚಿತ್ರ ದೇಶದ ಪತ್ರಿಕೆಗಳಲ್ಲೆಲ್ಲ ಬಂದದ್ದೂ ಉಂಟು. 2023ರ ಏಪ್ರಿಲ್ 2ರಂದು ವಾಯುಪಡೆಯ ಹೆಲಿಕಾಪ್ಟರು 4.5 ಕಿಲೋಮೀಟರ್ ಎತ್ತರದಿಂದ ಬಿಟ್ಟ ಇಸ್ರೋದ ರೆಕ್ಕೆಯ ವಾಹನ ಇಲ್ಲಿನ ಓಡುದಾರಿಯ ಮೇಲೆ ತಾನಾಗಿಯೇ ಬಂದಿಳಿಯಿತು. ಹೆಮ್ಮೆಪಡತಕ್ಕ ಕೆಲಸ. ಆ ಚಿತ್ರಗಳಲ್ಲಿ ವಾಹನವಿದೆ, ಓಡುದಾರಿಯಿದೆ, ಹಿಂದೆ ಮಸುಕಾಗಿ ಬಯಲಿದೆ. ಗೋಡೆಯೊಳಗಿನದನ್ನು ಹೊರಗಿನವರು ತೆಗೆಯುವುದು ನಿಷಿದ್ಧ, ಅದು ಸರಿ. ಗೋಡೆಯನ್ನು ಬಳಸಿಕೊಂಡು ಹರಿದಾರಿ ಸುತ್ತಿ ಹೋಗುವ ಕುರಿಮಂದೆಯ ಚಿತ್ರವನ್ನು ಯಾವ ಸ್ಪರ್ಧೆಯೂ ಕೇಳಿಲ್ಲ.

ಹವ್ಯಾಸಿಗಳ ಸ್ಪರ್ಧೆ ಎಂದರೆ ಹೀಗೇ ಇರಬೇಕೆಂದೇನಿಲ್ಲ. 1926ರಲ್ಲಿ ಜರ್ಮನಿಯ ಕಾರ್ಮಿಕರ ಸಚಿತ್ರ ಪತ್ರಿಕೆಯೊಂದು ತನ್ನ ಓದುಗರಿಗೇ ಸ್ಪರ್ಧೆ ಇಟ್ಟು, ನಿಮ್ಮ ಕಾರ್ಖಾನೆ, ನಿಮ್ಮ ಬೀದಿ, ನಿಮ್ಮ ಮನೆಯ ಚಿತ್ರ ಕಳುಹಿಸಿ ಎಂದಿತು. ಅದರಿಂದ ಕಾರ್ಮಿಕ ಛಾಯಾಗ್ರಾಹಕರ ಸಂಘವೇ ಹುಟ್ಟಿತು. ಪತ್ರಿಕೆ ಕಮ್ಯುನಿಸ್ಟರದು. ಅವರೊಡನೆ ನಮಗಿರುವ ಜಗಳ ಬೇರೆ, ಒಳ್ಳೆಯ ಪಾಠವನ್ನು ಜಗಳದವರಿಂದಲೂ ಕಲಿಯಬಹುದು. ನಮ್ಮ ದೇಶದಲ್ಲಿ 1943ರ ಬಂಗಾಳದ ಕ್ಷಾಮವನ್ನು ಜನರ ಕಣ್ಣಿಗೆ ತಂದವರಲ್ಲಿ ಒಬ್ಬರಾದ ಸುನಿಲ್ ಜಾನಾ ಆಗಿನ್ನೂ ವಿದ್ಯಾರ್ಥಿ, ಹವ್ಯಾಸಿ. ಅವರ ಚಿತ್ರಗಳು ಅಚ್ಚಾದದ್ದೂ ಒಂದು ಪಕ್ಷದ ಪತ್ರಿಕೆಯಲ್ಲಿಯೇ.

ಇನ್ನೊಂದು ಎಚ್ಚರವೂ ಬೇಕು. ಅಮೆರಿಕದಲ್ಲಿ 1936ರಲ್ಲಿ ಡೊರೊತಿಯಾ ಲ್ಯಾಂಗ್ ಬಟಾಣಿ ಕೀಳುವ ಕೂಲಿಗಳ ಬಿಡಾರದಲ್ಲಿ ಒಬ್ಬ ತಾಯಿಯ ಚಿತ್ರ ತೆಗೆದರು. ಅದು ಲೋಕಪ್ರಸಿದ್ಧವಾಯಿತು. ಆಕೆಯ ಹೆಸರು ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂದು ಲೋಕಕ್ಕೆ ತಿಳಿದದ್ದು 1978ರಲ್ಲಿ, ಅಂದರೆ ನಲವತ್ತೆರಡು ವರ್ಷಗಳ ಮೇಲೆ. ಬಡತನದ ಚಿತ್ರ ತೆಗೆದ ಮಾತ್ರಕ್ಕೆ ಬಡವನಿಗೆ ನ್ಯಾಯ ದೊರೆತಂತಾಗದು. ಸೂರ್ಯಾಸ್ತದ ಬದಲು ಹರಕು ಕಂಬಳಿಯನ್ನು ಚೌಕಟ್ಟಿಗೆ ಸೇರಿಸಿ ಬಹುಮಾನ ಹೊಡೆಯುವ ಜಾಣರೂ ಇದ್ದಾರೆ.

ಆದ್ದರಿಂದ ನಮ್ಮ ಎರಡು ತಾಲ್ಲೂಕುಗಳಲ್ಲಿ ಹವ್ಯಾಸಿಗಳದೇ ಒಂದು ಸ್ಪರ್ಧೆ ನಡೆಯಬೇಕೆಂದು ಪಕ್ಷದ ಶಾಖೆಗಳ ಮುಂದೆ ಸೂಚನೆ ಇಡುತ್ತೇವೆ. ವಿಷಯ, ಕಾವಲು. ಪ್ರವೇಶಶುಲ್ಕ ಇರಬಾರದು, ಮೊಬೈಲಿನ ಚಿತ್ರ ಸಾಕು. ಚಿತ್ರದಲ್ಲಿರುವವರನ್ನು ಮೊದಲು ಕೇಳಿ, ಅವರು ಒಪ್ಪಿದರೆ ಹೆಸರು, ಊರು, ಕಸುಬು, ಅಂದಿನ ಕೂಲಿ ಎಷ್ಟೆಂಬುದನ್ನು ಕೆಳಗೆ ಬರೆಯಬೇಕು. ಬಹುಮಾನದ ಹಣದಲ್ಲಿ ಅರ್ಧ ಅವರದು, ಚಿತ್ರದ ಒಂದು ಪ್ರತಿಯೂ ಅವರದು. ತೀರ್ಪುಗಾರರ ಪೈಕಿ ಒಬ್ಬ ಕುರಿಗಾಹಿ, ಮಗ್ಗದ ಮನೆಯ ಒಬ್ಬ ಹೆಣ್ಣುಮಗಳು ಇರಲಿ. ಚಿತ್ರಕ್ಕೆ ಬೆಳಕು ಸರಿಯಾಯಿತೋ ಇಲ್ಲವೋ ಪೇಟೆಯವರು ಹೇಳಬಹುದು. ಎತ್ತು ಬಡಕಲಾಗಿದೆಯೋ ಇಲ್ಲವೋ ಹೇಳಬಲ್ಲವರು ಇವರು. ಮನೆಯಲ್ಲಿ ಇರುವುದೊಂದೇ ಫೋನು ಗಂಡಸರ ಜೇಬಿನಲ್ಲಿರುವುದರಿಂದ, ಹೆಂಗಸರು ತೆಗೆದ ಚಿತ್ರಗಳಿಗೆಂದೇ ಕೆಲವು ಬಹುಮಾನ ಮೀಸಲಿಡುವುದು ಅವಶ್ಯ. ಬಂದ ಚಿತ್ರಗಳನ್ನು ಯಾವ ಇಲಾಖೆಯೂ ಕಂಪನಿಯೂ ತೆಗೆದವರನ್ನೂ ಚಿತ್ರದಲ್ಲಿರುವವರನ್ನೂ ಕೇಳದೆ ಜಾಹೀರಾತಿಗೆ ಬಳಸಕೂಡದು.

ಚಿತ್ರಗಳನ್ನು ದುರ್ಗದ ಸಭಾಂಗಣದಲ್ಲಿ ತೂಗುಹಾಕಿ ದೀಪ ಬೆಳಗುವುದು ಬೇಡ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಜಾತ್ರೆಗೆ ಸೇರುವ ಜನರ ನಡುವೆ ಒಂದು ಗುಡಾರ ಹಾಕಿ, ಅಲ್ಲಿಡಬೇಕು. ಒಂದು ಪ್ರತಿ ಜಿಲ್ಲಾಧಿಕಾರಿಗಳ ಕಚೇರಿಗೆ ಹೋಗಲಿ, ಕಾವಲುಗಳ ಪಹಣಿ ಇರುವ ಕಡತದ ಜೊತೆಗೆ ಲಗತ್ತಾಗಲಿ. ಕರಾವಳಿಯ ಮೀನುಗಾರರ ಸಂಘಗಳಿಗೂ ಒಂದು ಕಂತೆ ಕಳುಹಿಸುವುದಾದರೆ ಅಂಚೆಯ ಖರ್ಚು ನಮ್ಮ ಪತ್ರಿಕೆಯದು.