ಹಾಸ್ಯರಸವೂ ಪಂಡಿತಮಾನಿಗಳೂ

ಹೊಸದುರ್ಗ ತಾಲ್ಲೂಕಿನ ಮಾಡದಕೆರೆಯಾಗಲಿ, ಹೊಳಲ್ಕೆರೆ ಹಿರಿಯೂರುಗಳ ಸೀಮೆಯಾಗಲಿ, ಶಾಲೆಯ ವಾರ್ಷಿಕೋತ್ಸವಕ್ಕೆ ಹಾಡು ಹಾಸ್ಯಗಳು ಬೆರೆತ ನಾಟಕವೊಂದನ್ನು ಆಡೋಣವೆಂದರೆ ವಿದ್ಯಾವಂತರ ಮನೆಗಳಿಂದಲೇ ಮೊದಲ ಆಕ್ಷೇಪಣೆ ಹೊರಡುವುದುಂಟು. ಅದು ಪಾಮರರಂಜನೆಯಂತೆ, ವಿಲಾಯತಿಯ ಹಾವಳಿಯಂತೆ, ಶಾಸ್ತ್ರಸಮ್ಮತವಲ್ಲವಂತೆ. ಹೀಗೆನ್ನುವ ಮಹನೀಯರು ಶಾಸ್ತ್ರದ ಹೆಸರನ್ನು ಕೇಳಿಬಲ್ಲರೇ ಹೊರತು ಅದರ ಪುಟವನ್ನು ತೆರೆದಂತೆ ಕಾಣುವುದಿಲ್ಲ.

ಭರತಮುನಿಯು ಹೇಳಿದ ಎಂಟು ರಸಗಳಲ್ಲಿ ಹಾಸ್ಯವೂ ಒಂದು; ಹತ್ತು ರೂಪಕಗಳಲ್ಲಿ ಪ್ರಹಸನವೂ ಒಂದು. ಏಳನೆಯ ಶತಮಾನದಲ್ಲಿ ಪಲ್ಲವರಾಜನಾದ ಮಹೇಂದ್ರವರ್ಮನು ‘ಮತ್ತವಿಲಾಸ’ವನ್ನು ರಚಿಸಿ, ಕುಡಿದ ಕಾಪಾಲಿಕನೊಬ್ಬನನ್ನು ಕಳೆದುಹೋದ ಕಪಾಲಕ್ಕಾಗಿ ಬೌದ್ಧಭಿಕ್ಷುವಿನೊಡನೆ ಬೀದಿಜಗಳಕ್ಕೆ ನಿಲ್ಲಿಸಿದನು. ಆ ಕಪಾಲವನ್ನು ಕದ್ದದ್ದು ನಾಯಿ! ಅರಸನಿಗಿಲ್ಲದ ಮಡಿ ಇವರಿಗೇತಕ್ಕೆ?

ಇನ್ನು ವಿಲಾಯತಿಯ ಮಾತು. 1912ರಲ್ಲಿ ಜಾಕ್ ಜಡ್ಜ್ ಎಂಬಾತನು ಇಂಗ್ಲೆಂಡಿನ ವಿನೋದರಂಗದ ಮೇಲೆ ಹಾಡಿದ ‘ಟಿಪ್ಪರರಿ’ಯ ಪದವು ಮೊದಲನೆಯ ಮಹಾಯುದ್ಧದಲ್ಲಿ ಸಿಪಾಯಿಗಳ ನಡಿಗೆಯ ಹಾಡಾಯಿತು. ಲಂಡನ್ನಿನಲ್ಲಿ ಭೂಗರ್ಭಶಾಸ್ತ್ರವನ್ನು ಓದಿಬಂದ ಟಿ. ಪಿ. ಕೈಲಾಸಂ ಅವರು ಆ ಮಟ್ಟಿಗೆ ಕನ್ನಡದ ಮಾತನ್ನು ಕೂಡಿಸಲು, ಐರ್ಲೆಂಡಿನ ಊರು ನಮ್ಮ ‘ತಿಪ್ಪಾರಹಳ್ಳಿ’ಯಾಯಿತು. ಮಟ್ಟು ಎರವಲು, ನಗೆ ಸ್ವಂತದ್ದು. ಮದುವೆಯ ಮೆರವಣಿಗೆಯಲ್ಲಿ ಬ್ಯಾಂಡು ಮೊಳಗುವಾಗ ಯಾವ ಪಂಡಿತನೂ ಊಟ ಬಿಟ್ಟು ಎದ್ದುಹೋದುದಿಲ್ಲವಷ್ಟೆ.

ಅದೇ ಕೈಲಾಸಂ ಅವರ ‘ಟೊಳ್ಳುಗಟ್ಟಿ’ಯಲ್ಲಿ ಪರೀಕ್ಷೆಯಲ್ಲಿ ಗೆದ್ದ ಹುಡುಗನು ಟೊಳ್ಳು, ಸೋತವನೇ ಗಟ್ಟಿ. ಮಕ್ಕಳ ಅಂಕಪಟ್ಟಿಯನ್ನೇ ದೇವರ ಪಟದ ಪಕ್ಕದಲ್ಲಿಡುವ ಮನೆಗಳಿಗೆ ಇಷ್ಟು ನೇರವಾಗಿ ಮುಟ್ಟುವ ಉಪದೇಶವನ್ನು ಯಾವ ಗಂಭೀರನಾಟಕವು ಕೊಟ್ಟಿದೆ? ಆತನನ್ನು 1945ರಲ್ಲಿ ಮದರಾಸಿನ ಸಾಹಿತ್ಯ ಸಮ್ಮೇಳನವು ಅಧ್ಯಕ್ಷಪೀಠದಲ್ಲಿ ಕುಳ್ಳಿರಿಸಿತು. ‘ಸದಾರಮೆ’ಯ ಕಳ್ಳನಾಗಿ ನಗಿಸಿದ ಗುಬ್ಬಿ ವೀರಣ್ಣನವರ ಹೆಸರನ್ನಂತೂ ಬೇರೆಯಾಗಿ ಹೇಳಬೇಕಾಗಿಲ್ಲ.

ಹಾಸ್ಯದ ಹೆಸರಿನಲ್ಲಿ ದ್ವಂದ್ವಾರ್ಥದ ಹೊಲಸೂ ರಂಗವೇರಿದೆ, ಅಲ್ಲವೆನ್ನುವವರಾರು? ಭರತನೇ ನಗೆಯಲ್ಲಿ ಆರು ಬಗೆಗಳನ್ನೆಣಿಸಿ, ಸ್ಮಿತಹಸಿತಗಳನ್ನು ಉತ್ತಮರಿಗೂ ಅಪಹಸಿತ ಅತಿಹಸಿತಗಳನ್ನು ಅಧಮರಿಗೂ ಸಲ್ಲಿಸಿದ್ದಾನೆ. ಆದರೆ ಉತ್ತಮರೆನಿಸಿದವರು ಮುಂದಿನ ಸಾಲನ್ನು ತೆರವುಮಾಡಿ ಮನೆಗೆ ನಡೆದರೆ, ನಟನು ಉಳಿದವರ ಚಪ್ಪಾಳೆಯನ್ನೇ ಅನುಸರಿಸುವನು. ಎದ್ದುಹೋದವರಿಗೆ ಆ ಪಾಪದಲ್ಲಿ ಪಾಲಿಲ್ಲವೇ?

ಇದೇ ತಾಲ್ಲೂಕಿನ ಸಾಣೇಹಳ್ಳಿಯಿಂದ ‘ಶಿವಸಂಚಾರ’ವು 1997ರಲ್ಲಿ ನಾಟಕಗಳನ್ನು ಹೊತ್ತು ಊರೂರಿಗೆ ಹೊರಟಿತು. ರಂಗದ ರುಚಿ ಬಲ್ಲ ನೆಲವಿದು. ಮಾಡದಕೆರೆಯ ಮಕ್ಕಳು ಈ ವರ್ಷ ‘ಟೊಳ್ಳುಗಟ್ಟಿ’ಯನ್ನೇ ಆಡಲಿ, ಹಾರ್ಮೋನಿಯಂ ಮೇಷ್ಟರನ್ನು ಕರೆಯಿಸಿ ‘ತಿಪ್ಪಾರಹಳ್ಳಿ’ಯನ್ನೂ ಹಾಡಲಿ, ಆಕ್ಷೇಪಿಸುವ ಮಹನೀಯರು ಮುಂದಿನ ಸಾಲಿನಲ್ಲಿಯೇ ಕುಳಿತು ಕೊನೆಯವರೆಗೂ ನೋಡಲಿ.