ಹಳೇ ಪಿಕಪ್‌ಗೆ ಹೊಸ ಬಾಡಿ: ಉದ್ದ ಬೇಡ, ಎತ್ತರವೂ ಬೇಡ

ಕಾಫಿ ಕುಯ್ಲು ಮುಗಿದು, ಕಣದ ಚೆರಿ ಚೀಲ ಸೇರಿದ ಮೇಲೆ ನಮ್ಮ ಕಡೆ ಗ್ಯಾರೇಜುಗಳ ಮುಂದೆ ಹಳೇ ಮಹೀಂದ್ರಾ ಪಿಕಪ್‌ಗಳು ಸಾಲಾಗಿ ನಿಲ್ಲುತ್ತವೆ. ಮಳೆ ಹಿಡಿಯೋ ಮೊದಲು ರಿಪೇರಿ ಮುಗೀಬೇಕು. ಸುಮಾರು ಗಾಡಿಗಳದ್ದು ಒಂದೇ ಕತೆ. ಇಂಜಿನ್ ಗಟ್ಟಿ, ಗೇರ್ ಬಾಕ್ಸ್ ಗಟ್ಟಿ, ಹಿಂದಿನ ಬಾಡಿ ಮಾತ್ರ ಜರಡಿ.

ಇಂಥ ಗಾಡಿ ಇರೋರಿಗೆ ನನ್ನ ಅಭಿಪ್ರಾಯ ಇಷ್ಟೇ: ಗಾಡಿ ಮಾರಬೇಡಿ, ಬಾಡಿ ಬದಲಾಯಿಸಿ. ಆದ್ರೆ ಮೊದಲಿದ್ದ ಅಳತೆಗೇ ಬದಲಾಯಿಸಿ. "ಹೇಗೂ ದುಡ್ಡು ಹಾಕ್ತೀರಲ್ಲ, ಒಂದಡಿ ಉದ್ದ ಮಾಡಿ ಸೈಡೂ ಎತ್ತರಿಸಿಬಿಡೋಣ" ಅಂತ ಬಾಡಿ ಕಟ್ಟೋರು ಹೇಳೇ ಹೇಳ್ತಾರೆ. ಆ ಮಾತಿಗೆ ತಲೆ ಆಡಿಸಬೇಡಿ.

ಮೊದಲು, ಬಾಡಿ ಯಾಕೆ ಹೋಗುತ್ತೆ ಅಂತ ನೋಡೋಣ. ಎಲ್ಲರೂ ಮಳೆಯನ್ನ ಬೈತಾರೆ. ಮಳೆ ಒಂದೇ ಅಲ್ಲ. ನಾವು ಹೊರೋ ಪೊಟ್ಯಾಷ್ ಅಂದ್ರೆ ಒಂಥರಾ ಉಪ್ಪೇ, ಕಬ್ಬಿಣ ತಿನ್ನುತ್ತೆ. ಬೋರ್ಡೋ ದ್ರಾವಣದ ಮೈಲುತುತ್ತ ಇನ್ನೂ ಜೋರು. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ ಕಲಸುವಾಗ ಪ್ಲಾಸ್ಟಿಕ್ ಡ್ರಮ್ಮೇ ಬೇಕು ಅಂತೀವಲ್ಲ, ಅದೇ ಮೈಲುತುತ್ತ ಚೀಲದಿಂದ ಬಾಡಿ ಮೇಲೆ ಉದುರಿದ್ರೆ ಯಾರೂ ಕೇಳಲ್ಲ. ಅದರ ಮೇಲೆ ಹಣ್ಣಿನ ಹುಳಿರಸ, ಮೂಲೇಲಿ ಕೂತ ಮಣ್ಣು. ಈ ಅಭ್ಯಾಸ ಬದಲಾಗದಿದ್ರೆ ಹೊಸ ಬಾಡಿಗೂ ಅದೇ ಗತಿ. ಗೊಬ್ಬರ ಹೊತ್ತ ದಿನ ಸಂಜೆ ನೀರು ಹಾಕಿ ತೊಳೀಬೇಕು, ನಾಲ್ಕೂ ಮೂಲೇಲಿ ನೀರು ಇಳಿಯೋ ತೂತು ಬಿಡಿಸಬೇಕು.

ಹಳೇ ಬಾಡಿ ಇಳಿಸಿದ ಕೂಡಲೇ ಹೊಸದರ ಕೆಲಸ ಶುರು ಮಾಡಿಸಬೇಡಿ. ಮೊದಲು ಚಾಸಿ ತೊಳೆದು ಉದ್ದಕ್ಕೂ ಸುತ್ತಿಗೇಲಿ ತಟ್ಟಿ ನೋಡಿ. ಗಟ್ಟಿ ಕಬ್ಬಿಣ ಠಣ್ ಅನ್ನುತ್ತೆ, ತುಕ್ಕು ತಿಂದದ್ದು ಮಂಕಾಗಿ ಸದ್ದು ಕೊಡುತ್ತೆ. ಸ್ಪ್ರಿಂಗ್ ಪ್ಲೇಟ್ ಕಟ್ಟೋ ಬ್ರಾಕೆಟ್ ಹತ್ತಿರ ಬಿರುಕು ಇದ್ರೆ ಆ ದುಡ್ಡು ಮೊದಲು ಚಾಸಿಗೇ ಹೋಗಬೇಕು. ಚಾಸಿ ಮುಗಿದಿದ್ರೆ ಗಾಡಿ ಮುಗಿದ ಹಾಗೆ, ಹೊಸ ಬಾಡಿ ಅದನ್ನ ಮುಚ್ಚುತ್ತೆ ಅಷ್ಟೆ.

ಕೂರಿಸೋದ್ರಲ್ಲಿ ಗಮನಿಸಬೇಕಾದ್ದು ಕೆಲವು. ಬಾಡಿಯ ಎರಡೂ ಕರ್ಣ ಟೇಪ್ ಹಿಡಿದು ಅಳೀರಿ, ಸಮ ಇಲ್ಲದಿದ್ರೆ ಹಿಂದಿನ ಡೋರ್ ಎಂದಿಗೂ ಸರಿಯಾಗಿ ಮುಚ್ಚಲ್ಲ. ಬಾಡಿಯನ್ನ ಚಾಸಿಗೆ ವೆಲ್ಡ್ ಮಾಡಲು ಬಿಡಬೇಡಿ. ತೋಟದ ರಸ್ತೇಲಿ ಒಂದು ಚಕ್ರ ಗುಂಡಿಗೆ, ಒಂದು ಚಕ್ರ ಕಲ್ಲಿನ ಮೇಲೆ. ಚಾಸಿ ತಿರುಚಿಕೊಳ್ಳುತ್ತೆ, ತಿರುಚಿಕೊಳ್ಳಲೇಬೇಕು. ವೆಲ್ಡ್ ಮಾಡಿದ್ರೆ ಬಿರುಕು ಅಲ್ಲಿಂದಲೇ ಶುರು. ನಡುವೆ ಗಟ್ಟಿ ಮರದ ಪಟ್ಟಿ ಇಲ್ಲ ರಬ್ಬರ್ ಪ್ಯಾಡ್ ಇಟ್ಟು ಯು-ಬೋಲ್ಟ್ ಹಾಕಿ, ಲಾಕ್ ನಟ್ ಬಿಗೀರಿ. ಬ್ರೇಕ್ ಪೈಪು, ವೈರು ಬೋಲ್ಟಿನಡಿ ಸಿಕ್ಕಿಹಾಕಿಕೊಂಡಿಲ್ಲ ಅಂತ ಕಣ್ಣಾರೆ ನೋಡಿ. ಕ್ಯಾಬಿನ್ ಮತ್ತು ಬಾಡಿ ಮಧ್ಯೆ ಎರಡು ಬೆರಳು ಜಾಗ ಇರಲಿ. ಮರ ಒತ್ತಿಕೊಳ್ಳುತ್ತೆ, ಹಾಗಾಗಿ ನಾಲ್ಕೈದು ಲೋಡ್ ಆದ ಮೇಲೆ ಎಲ್ಲಾ ಬೋಲ್ಟ್ ಇನ್ನೊಮ್ಮೆ ಬಿಗಿ ಮಾಡಿಸಿ.

ಇನ್ನು ಅಳತೆ ವಿಷಯ. 6 ಅಡಿ ಉದ್ದ, ನಾಲ್ಕೂವರೆ ಅಡಿ ಅಗಲದ ಬಾಡಿ ಇಟ್ಕೊಳ್ಳಿ. ತಳಕ್ಕೆ 3 ಎಂಎಂ ಚೆಕರ್ಡ್ ಪ್ಲೇಟ್ ಹಾಕಿದ್ರೆ 60 ಕೆಜಿ ಆಸುಪಾಸು. "ಗಟ್ಟಿ ಇರಲಿ" ಅಂತ 5 ಎಂಎಂ ಹಾಕಿಸಿದ್ರೆ 100 ಕೆಜಿ ದಾಟುತ್ತೆ. ಆ ಹೆಚ್ಚುವರಿ ತೂಕ ಹೆಚ್ಚುಕಮ್ಮಿ ಒಂದು ಚೀಲ ಚೆರಿಯದ್ದು, ಖಾಲಿ ಓಡುವಾಗಲೂ ಗಾಡಿ ಅದನ್ನ ಹೊರುತ್ತೆ. ಸೈಡ್ ಒಂದಡಿ ಎತ್ತರಿಸಿದ್ರೆ 27 ಘನ ಅಡಿ ಜಾಗ ಸಿಗುತ್ತೆ; ಹಸಿ ಹಣ್ಣು ತುಂಬಿದ್ರೆ ನಾಲ್ಕು ಕ್ವಿಂಟಾಲ್ ಮೀರುತ್ತೆ. ಜಾಗ ಇದ್ರೆ ತುಂಬೇ ತುಂಬ್ತೀವಿ, ಅದು ಮನುಷ್ಯನ ಸ್ವಭಾವ. ಬ್ರೇಕು, ಪ್ಲೇಟು ಮಾತ್ರ ಹಳೇವೇ.

ಉದ್ದ ಮಾಡಿದ್ರೆ ಇನ್ನೂ ಕಷ್ಟ. ಹಿಂದಿನ ಆಕ್ಸಲ್‌ನಿಂದ ಆಚೆ ಬಿದ್ದ ಭಾರ ಮೂತಿಯನ್ನ ಎತ್ತುತ್ತೆ. ಒದ್ದೆ ಮಣ್ಣಿನ ಏರಿನಲ್ಲಿ ಸ್ಟೇರಿಂಗ್ ಹಗುರ ಆಯ್ತು ಅಂದ್ರೆ ಗಾಡಿ ನಮ್ಮ ಮಾತು ಕೇಳಲ್ಲ ಅಂತಲೇ ಅರ್ಥ. ಮಾಕುಟ್ಟ, ಸಂಪಾಜೆ ಘಾಟಿಯ ಇಳಿಜಾರಿನಲ್ಲಿ ಹೆಚ್ಚು ಭಾರಕ್ಕೆ ಬ್ರೇಕ್ ಕಾಯೋದು ಬೇರೆ.

ಕಾನೂನೂ ಇದನ್ನೇ ಹೇಳುತ್ತೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರೋ ವಿವರ ಕಂಪನಿಯ ಮೂಲ ವಿವರಕ್ಕೆ ವ್ಯತ್ಯಾಸ ಆಗೋ ಹಾಗೆ ಗಾಡಿ ಬದಲಾಯಿಸೋ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನ ಎತ್ತಿ ಹಿಡೀತು. ಅದೇ ವರ್ಷದ ತಿದ್ದುಪಡಿ ಆದ ಮೇಲೆ ಓವರ್‌ಲೋಡಿಗೆ ದಂಡ 20,000 ರೂಪಾಯಿ, ಜೊತೆಗೆ ಹೆಚ್ಚುವರಿ ಟನ್ನಿಗೆ 2,000. ಅಪಘಾತ ಆದಾಗ ಇನ್ಶೂರೆನ್ಸ್‌ನೋರು ಮೊದಲು ಹುಡುಕೋದೂ ಇಂಥ ಬದಲಾವಣೆಯನ್ನೇ.

ಇದಕ್ಕಿಂತ ದೊಡ್ಡ ಮಾತು ಒಂದಿದೆ. ಕುಯ್ಲಿನ ಟೈಮಲ್ಲಿ ಬೆಳಿಗ್ಗೆ ಇದೇ ಬಾಡಿಯಲ್ಲಿ ಕೆಲಸದವರನ್ನ ತುಂಬಿಕೊಂಡು ಹೋಗೋ ಗಾಡಿಗಳನ್ನ ನಾವೆಲ್ಲ ನೋಡ್ತಾ ಇದ್ದೀವಿ. ಉದ್ದ ಮಾಡಿಸೋರಲ್ಲಿ ಕೆಲವರ ಲೆಕ್ಕ ಚೀಲದ್ದಲ್ಲ, ಜನರದ್ದು. ಇನ್ನೂ ಐದು ಜನ ಹಿಡೀತಾರೆ ಅಂತ. ಸರಕು ಗಾಡಿಯ ಬಾಡಿ ಜನರಿಗಲ್ಲ. ಕೂರೋಕೆ ಸೀಟಿಲ್ಲ, ಹಿಡಿಯೋಕೆ ಕಂಬಿಯಿಲ್ಲ, ಮಗುಚಿದ್ರೆ ಮೇಲೆ ಏನೂ ಇಲ್ಲ. ಕೆಲಸಕ್ಕೆ ಜನ ಸಿಗಲ್ಲ ಅಂತ ದಿನಾ ಗೋಳಾಡೋ ನಾವು, ಸಿಕ್ಕವರನ್ನ ಚೀಲದ ಹಾಗೆ ಹೊರೋದು ಸರಿಯಾ? ಬಾಡಿಗೆ ಜೀಪಿಗೆ ಕೊಡೋ ದುಡ್ಡು ದಂಡ ಅಂತ ಅನಿಸಬಾರದು.

ಹಾಗಾಗಿ ಗಾಡಿ ಬಿಡೋ ಮುಂಚೆ ಹಳೇ ಬಾಡಿಯ ಉದ್ದ, ಅಗಲ, ಎತ್ತರ, ಆರ್‌ಸಿಯಲ್ಲಿರೋ ಖಾಲಿ ತೂಕ ಒಂದು ಚೀಟೀಲಿ ಬರೆದು ಕೆಲಸ ಮಾಡೋರ ಕೈಗೆ ಕೊಡಿ. ಮುಗಿದ ಮೇಲೆ ವೇಬ್ರಿಡ್ಜಿಗೆ ಹತ್ತಿಸಿ ನೋಡಿ, ಆಮೇಲೆ ಕೊನೇ ಕಂತಿನ ದುಡ್ಡು ಕೊಡಿ. ತಳಕ್ಕೆ ಪ್ಲೇಟ್ ಬದಲು ಮರದ ಹಲಗೆ ಹಾಕಿಸಿರೋರು ನಿಮ್ಮಲ್ಲಿ ಇದ್ರೆ, ಯಾವ ಮರ ಎಷ್ಟು ಮಳೆಗಾಲ ಬಾಳಿತು ಅಂತ ಬರೀರಿ, ಎಲ್ಲರಿಗೂ ಉಪಯೋಗ ಆಗುತ್ತೆ.