ಪ್ರಮಾಣಿಸಿ ನೋಡುವ ವಿವೇಕ

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡೆಂಬುದು ನಮ್ಮ ಹಿರಿಯರ ಮಾತು. ಗಣಕಯಂತ್ರಕ್ಕೆ ಪ್ರೋಗ್ರಾಮ್ ಬರೆಯುವವರಿಗೆ ಈ ಗಾದೆ ಇನ್ನೂ ಹೆಚ್ಚಾಗಿ ಸಲ್ಲುತ್ತದೆ.

ಗೈಡೊ ವಾನ್ ರೋಸಮ್ ಅವರು 1991ರಲ್ಲಿ ಹೊರತಂದ ಪೈಥಾನ್ ಭಾಷೆಯಲ್ಲಿ ‘ಕ್ಲಾಸ್’ ಎಂಬುದು ಒಂದು ಅಚ್ಚು. ಅದರಿಂದ ಮೂಡಿದವು ವಸ್ತುಗಳು. ಅವುಗಳ ಗುಣಗಳೇ ಆಟ್ರಿಬ್ಯೂಟುಗಳು. ಪ್ರೋಗ್ರಾಮ್ ನಡೆಯುತ್ತಿರುವಾಗಲೇ ಒಂದು ಅಚ್ಚಿನಿಂದ ಮತ್ತೊಂದನ್ನು ‘ಟೈಪ್’ ಎಂಬ ಒಂದೇ ಕರೆಯಿಂದ ಹುಟ್ಟಿಸಬಹುದು. ಸೌಕರ್ಯ ದೊಡ್ಡದು, ಅಪಾಯವೂ ಅಲ್ಲಿಯೇ ಇದೆ.

‘ಗ್ರಂಥಾಲಯ’ ಎಂಬ ಮೂಲ ಕ್ಲಾಸಿನಲ್ಲಿ ಪುಸ್ತಕಗಳ ಖಾಲಿ ಪಟ್ಟಿಯೊಂದನ್ನಿಟ್ಟು, ಅದರಿಂದ ರಾಜಾಜಿನಗರಕ್ಕೊಂದು, ಕೆಂಗೇರಿಗೊಂದು ಕ್ಲಾಸನ್ನು ಪಡೆದೆವೆನ್ನಿ. ರಾಜಾಜಿನಗರದ ಪಟ್ಟಿಗೆ ಸೇರಿಸಿದ ಪುಸ್ತಕ ಆ ಕ್ಷಣವೇ ಕೆಂಗೇರಿಯಲ್ಲಿಯೂ ಕಾಣಿಸಿಕೊಳ್ಳುತ್ತದೆ! ಸಾಮಾನ್ಯವಾಗಿ ಪೈಥಾನ್ ಗುಣವನ್ನು ಮೊದಲು ವಸ್ತುವಿನ ಸ್ವಂತ ‘ಡಿಕ್ಟ್’ ಕೋಶದಲ್ಲಿಯೂ, ಅಲ್ಲಿಲ್ಲದಿದ್ದರೆ ಅದರ ಕ್ಲಾಸಿನಲ್ಲಿಯೂ, ಕಡೆಗೆ ಮೂಲ ಕ್ಲಾಸಿನಲ್ಲಿಯೂ ಹುಡುಕುತ್ತದೆ. ಮೂಲದಲ್ಲಿದ್ದ ಪಟ್ಟಿ ಒಂದೇ. ಅದನ್ನೇ ಇಬ್ಬರೂ ತಮ್ಮದೆಂದು ಬಗೆದರು. ಪುಸ್ತಕಗಳ ಬದಲು ಅವು ವಿದ್ಯಾರ್ಥಿವೇತನಕ್ಕೆ ಅರ್ಹರಾದವರ ಹೆಸರುಗಳಾಗಿದ್ದರೆ ಗತಿಯೇನು?

2001ರಲ್ಲಿ ಪೈಥಾನಿನ 2.1ನೆಯ ಆವೃತ್ತಿಯೊಡನೆ ‘ಯೂನಿಟ್‌ಟೆಸ್ಟ್’ ಎಂಬ ಪರೀಕ್ಷಾ ಸಾಧನ ಬಂದಿತು. ಆದರೆ ಒಂದೇ ವಸ್ತುವನ್ನಿಟ್ಟುಕೊಂಡು, ಪುಸ್ತಕ ಸೇರಿಸಿ, ಅದು ಇದೆಯೇ ಎಂದು ಕೇಳುವ ಪರೀಕ್ಷೆ ಈ ದೋಷವನ್ನು ಎಂದಿಗೂ ಹಿಡಿಯದು. ಆದುದರಿಂದ ಒಡಹುಟ್ಟಿದ ಎರಡು ಕ್ಲಾಸುಗಳನ್ನು ಹುಟ್ಟಿಸಿ, ಒಂದಕ್ಕೆ ಬರೆದು, ಇನ್ನೊಂದನ್ನೂ ಮೂಲವನ್ನೂ ಕೇಳಬೇಕೆಂಬುದು ನನ್ನ ಅಭಿಪ್ರಾಯ.

‘ಡಿಕ್ಟ್ ಕೋಶವನ್ನೇ ತೆರೆದು ನೋಡಿದರಾಗದೇ?’ ಎಂದು ಕೆಲವು ಮಿತ್ರರು ಕೇಳಬಹುದು. ‘ಸ್ಲಾಟ್ಸ್’ ಎಂದು ಗುಣಗಳನ್ನು ಮೊದಲೇ ಗೊತ್ತುಪಡಿಸಿದ ಕ್ಲಾಸಿನ ವಸ್ತುವಿಗೆ ಆ ಕೋಶವೇ ಇಲ್ಲದಿರಬಹುದು. ಒಳಗಿನ ಏರ್ಪಾಡು ಬದಲಾದರೆ ಸರಿಯಾದ ಪ್ರೋಗ್ರಾಮೂ ಪರೀಕ್ಷೆಯಲ್ಲಿ ಸೋಲುತ್ತದೆ. ನಡತೆಯನ್ನು ಪರೀಕ್ಷಿಸುವುದೇ ಲೇಸು.

ಮೂಲವನ್ನು ಪರೀಕ್ಷಿಸಿದರೆ ಸಾಕೆಂಬ ವಾದವೂ ನಿಲ್ಲದು. ಸ್ಲಾಟ್ಸ್ ಇರುವ ಮೂಲ ಕ್ಲಾಸು ತಪ್ಪು ಕಾಗುಣಿತದ ಗುಣವನ್ನು ನಿರಾಕರಿಸುತ್ತದೆ. ಸ್ಲಾಟ್ಸನ್ನು ಮತ್ತೆ ಹೇಳದೆ ಅದರಿಂದ ಪಡೆದ ಕ್ಲಾಸಾದರೋ ಡಿಕ್ಟ್ ಕೋಶವನ್ನು ಮರಳಿ ಪಡೆದು, ಆ ತಪ್ಪನ್ನು ಸದ್ದಿಲ್ಲದೆ ನುಂಗಿಕೊಳ್ಳುತ್ತದೆ. ತಂದೆಯ ಗುಣ ಮಗನಲ್ಲಿ ಇದ್ದೇ ಇರುವುದೆಂಬ ನಂಬಿಕೆ ಇಲ್ಲಿಯೂ ಸಲ್ಲದು.

ಕಲಾ ವಿಭಾಗದ ನಮಗೇಕೆ ಇದೆಲ್ಲ ಎನ್ನಬೇಡಿ. ನಮ್ಮ ಅಂಕಪಟ್ಟಿ, ಪಡಿತರ ಚೀಟಿ, ಪಹಣಿಗಳೆಲ್ಲ ಇಂದು ಗಣಕಯಂತ್ರದಲ್ಲಿವೆ. ಒಬ್ಬನ ಲೆಕ್ಕ ಮತ್ತೊಬ್ಬನ ಹೆಸರಿಗೆ ಬೀಳದಂತೆ ಕಾಯುವ ವಿದ್ಯೆಯನ್ನು ನಮ್ಮಲ್ಲಿಯೂ ಕೆಲವರು ಕಲಿಯಬೇಕು.